ವಾಯ್ಸ್ ನೋಟಲ್ಲಿ ಕುರ್‌ಆನ್ ಪಾಠ: ಖರ್ಚು ಯಾರದ್ದು?

2020ರ ಲಾಕ್‌ಡೌನ್‌ನಲ್ಲಿ ಮದ್ರಸ ಉಸ್ತಾದರಾದ ನಾವು ವಾಟ್ಸ್‌ಆ್ಯಪ್ ಗ್ರೂಪ್ ಮಾಡಲು, ವಾಯ್ಸ್ ನೋಟ್ ಕಳಿಸಲು ಕಲಿತೆವು. ಕಲಿಸಿದ್ದು ನಮ್ಮ ಮಕ್ಕಳೇ. ಮದ್ರಸ ತೆರೆದ ಮೇಲೂ ಅದನ್ನು ಬಿಟ್ಟಿಲ್ಲ. ಬೆಳಗ್ಗೆ ಮೂವತ್ತು ಮಕ್ಕಳ ಓದನ್ನು ಒಬ್ಬೊಬ್ಬರದ್ದಾಗಿ ಕೇಳುವಷ್ಟರಲ್ಲಿ ಸ್ಕೂಲ್ ಬಸ್ ಬಂದಿರುತ್ತದೆ. ಮಗ್ರಿಬ್ ಬಳಿಕ ಮನೆಯಿಂದ ಬರುವ ಓದನ್ನಾದರೆ ಎರಡು ಸಲ ಕೇಳಿ ತಿದ್ದಬಹುದು. ಕ್ಲಾಸಲ್ಲಿ ಬಾಯಿಯೇ ಬಿಡದ ಮಕ್ಕಳು ಉಮ್ಮನ ಪಕ್ಕ ಕೂತು ಚೆನ್ನಾಗಿ ಓದುತ್ತಾರೆ. ಗಲ್ಫ್‌ನಲ್ಲಿರುವ ತಂದೆಗೂ ಕೇಳಲು ಸಿಗುತ್ತದೆ.

ಹಾಗಂತ 'ಆ್ಯಪ್ ಇದೆಯಲ್ಲ ಉಸ್ತಾದೇ, ಮತ್ತೆ ಮದ್ರಸ ಯಾಕೆ?' ಎಂದು ಕೇಳುವವರೂ ಇದ್ದಾರೆ. ಅರಬಿಯಲ್ಲಿ 'ಖಲ್ಬ್' ಅಂದರೆ ಹೃದಯ, 'ಕಲ್ಬ್' ಅಂದರೆ ನಾಯಿ. ನಾಲಗೆಯ ಬುಡ ಎಲ್ಲಿ ತಾಗಬೇಕು ಎಂಬುದನ್ನು ಮಗುವಿನ ಬಾಯಿ ನೋಡಿಯೇ ತಿದ್ದಬೇಕು. ನಾವು ಬಳಸಿ ನೋಡಿದ ಆ್ಯಪ್ ಬಿಟ್ಟುಹೋದ ಪದವನ್ನು ಹಿಡಿಯಿತು, ಮಖ್ರಜ್ ಹಿಡಿಯಲಿಲ್ಲ. ಕನ್ನಡ ಲಿಪಿಯ ಪಿಡಿಎಫ್ ನೋಡಿ ಓದಿಸುವವರಿಗಂತೂ ಏನು ಹೇಳುವುದು!

ಇನ್ನು ಖರ್ಚು. ಫೋನ್ ನಮ್ಮದು, ರೀಚಾರ್ಜೂ ನಮ್ಮದೇ. ಉಸ್ತಾದರ ಸಂಬಳ ಎಷ್ಟೆಂದು ಕಮಿಟಿಯವರಿಗೆ ಗೊತ್ತು. ಕಾರ್ಯಕ್ರಮಗಳಿಗೆ ದೊಡ್ಡ ಮೈಕ್ ಸೆಟ್ ಹಾಕಿಸುವ ಜಮಾಅತ್‌ಗಳು ಮದ್ರಸದ ಹೆಸರಲ್ಲಿ ಒಂದು ಫೋನ್, ತಿಂಗಳ ರೀಚಾರ್ಜ್ ಕೊಡಲಿ. ಮಕ್ಕಳ ಉಮ್ಮಂದಿರ ನಂಬರ್ ಉಸ್ತಾದರ ಸ್ವಂತ ಫೋನಲ್ಲಿ ಇರುವುದಕ್ಕಿಂತ ಅದೇ ಚೆಂದ. ಉಸ್ತಾದರು ಬದಲಾದರೂ ಗ್ರೂಪ್ ಮದ್ರಸದಲ್ಲೇ ಉಳಿಯುತ್ತದೆ.