ನೀರಿನ ವ್ಯಾಜ್ಯ ನೆರೆಯವರ ಮೇಲಿನ ದ್ವೇಷವಾಗದಿರಲಿ

ಹೇಮಾವತಿಯ ನೀರನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ವಿರುದ್ಧ 2025ರ ಮೇ ಅಂತ್ಯದಲ್ಲಿ ಗುಬ್ಬಿ ತಾಲೂಕಿನಲ್ಲಿ ರೈತರು ಬೀದಿಗಿಳಿದರು. ತಮ್ಮ ಪಾಲಿನ ನೀರು ತಮಗೆ ತಲುಪುತ್ತಿಲ್ಲವೆಂಬುದು ಕುಣಿಗಲಿನವರ ಅಳಲು. ತಮ್ಮ ಕೆರೆಗಳು ಬರಿದಾಗುತ್ತವೆಂಬುದು ಗುಬ್ಬಿ, ತುಮಕೂರಿನವರ ಅಂಜಿಕೆ. ಇವೆರಡನ್ನೂ ಕಿವಿಗೊಟ್ಟು ಕೇಳಬೇಕು. ಆದರೆ ಅರಳಿಕಟ್ಟೆಯ ಮಾತು "ಈ ಯೋಜನೆ ಸರಿಯಲ್ಲ" ಎಂಬುದನ್ನು ದಾಟಿ "ಅವರೇ ಇಂಥವರು" ಎಂಬಲ್ಲಿಗೆ ಜಾರಿದಾಗ ನಾವು ಎಚ್ಚರಗೊಳ್ಳಬೇಕು. ನೆರೆಯ ಜನರ ನಡುವಿನ ದ್ವೇಷದ ಬೇರು ಇಳಿಯುವುದು ಇಲ್ಲಿಯೇ.

ಇದರ ಫಲವನ್ನು ನಮ್ಮ ನಾಡು ಕಂಡಿದೆ. ಹೇಮಾವತಿಯೂ, ನಮ್ಮ ಜಿಲ್ಲೆಯಲ್ಲೇ ಹುಟ್ಟುವ ಶಿಂಷೆಯೂ ಕೊನೆಗೆ ಸೇರುವುದು ಕಾವೇರಿಯನ್ನು. ಆ ನದಿಯ ನೀರಿಗಾಗಿ ಮೈಸೂರು ಮತ್ತು ಮದರಾಸು ಸರಕಾರಗಳು 1892ರಲ್ಲಿ, 1924ರಲ್ಲಿ ಒಪ್ಪಂದ ಮಾಡಿಕೊಂಡವು. ಬ್ರಿಟಿಷರ ಅಧೀನದಲ್ಲಿದ್ದ ಮೈಸೂರಿಗೆ ಅಂದು ಸಮಾನ ಸ್ಥಾನವಿರಲಿಲ್ಲವೆಂಬುದು ಕರ್ನಾಟಕದ ಹಳೆಯ ಆಕ್ಷೇಪ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಾಧಿಕರಣವು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ದೊರೆಯಬೇಕೆಂದು ಮಧ್ಯಂತರ ಆದೇಶ ನೀಡಿತು. ಡಿಸೆಂಬರ್‌ನಲ್ಲಿ ಅದು ರಾಜಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ಸಾವಿರಾರು ಮಂದಿ ಊರು ತೊರೆದರು. ಗಡಿಯಾಚೆ ಕನ್ನಡಿಗರೂ ಹಿಂಸೆಗೆ ಗುರಿಯಾದರು. ಪೆಟ್ಟು ತಿಂದವರಲ್ಲಿ ಕೂಲಿಗಳಿದ್ದರು, ಕೊಳೆಗೇರಿಯ ಕುಟುಂಬಗಳಿದ್ದವು. ಕಾವೇರಿಯ ಒಂದು ತೂಬೂ ಅವರ ಕೈಯಲ್ಲಿರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿತು. ಅದನ್ನು ತಂದದ್ದು ನ್ಯಾಯಾಲಯದ ವಾದ; ಹಚ್ಚಿದ ಬೆಂಕಿ ಒಂದು ಹನಿಯನ್ನೂ ತರಲಿಲ್ಲ.

ಇಂತಹ ದ್ವೇಷವನ್ನು ಆಳುವವರೇ ಪೋಷಿಸಿದರೆ ಏನಾಗುವುದೆಂಬುದಕ್ಕೆ ಕೆರಿಬಿಯನ್ ಸಮುದ್ರದ ಒಂದು ದ್ವೀಪ ಸಾಕ್ಷಿಯಾಗಿದೆ. ಅದರ ಪಶ್ಚಿಮಕ್ಕೆ ಹೈಟಿ, ಪೂರ್ವಕ್ಕೆ ಡೊಮಿನಿಕನ್ ಗಣರಾಜ್ಯ. 1822ರಿಂದ 1844ರವರೆಗೆ ಹೈಟಿಯು ಪೂರ್ವಭಾಗವನ್ನೂ ಆಳಿತ್ತು; ಆ ನೆನಪು ಡೊಮಿನಿಕನ್ನರಲ್ಲಿ ಉಳಿಯಿತು. ಮುಂದೆ ಅವರ ಕಬ್ಬಿನ ಗದ್ದೆಗಳಿಗೆ ಹೈಟಿಯ ಬಡವರ ದುಡಿಮೆ ಬೇಕಾಯಿತು. ಆದರೆ ಅವರ ಕಪ್ಪು ಬಣ್ಣವೂ ಭಾಷೆಯೂ ಬೇಡವಾದವು. 1937ರಲ್ಲಿ ಸರ್ವಾಧಿಕಾರಿ ಟ್ರುಹಿಯೊ ಸಾವಿರಾರು ಹೈಟಿಯನ್ನರನ್ನು ಕೊಲ್ಲಿಸಿದ. ಒಂದು ಸೊಪ್ಪಿನ ಸ್ಪ್ಯಾನಿಷ್ ಹೆಸರನ್ನು ಸರಿಯಾಗಿ ಉಚ್ಚರಿಸಲಾರದವರನ್ನು ಸೈನಿಕರು ಹೈಟಿಯನ್ನರೆಂದು ಗುರುತಿಸಿ ಕೊಂದರೆನ್ನಲಾಗುತ್ತದೆ. 2013ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತೀರ್ಪು, ಆ ದೇಶದಲ್ಲಿಯೇ ಹುಟ್ಟಿದ ಹೈಟಿ ಮೂಲದ ಬಹುಜನರ ಪೌರತ್ವವನ್ನು ಕಸಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಹೈಟಿಯವರು ಗಡಿನದಿಯಿಂದ ಕಾಲುವೆ ತೋಡಿದರೆಂದು ಡೊಮಿನಿಕನ್ ಸರಕಾರ ಗಡಿಯನ್ನೇ ಮುಚ್ಚಿತು. ಅದೇ ತಿಂಗಳು ಕಾವೇರಿಗಾಗಿ ಇಲ್ಲಿ ಬಂದ್ ನಡೆದಿತ್ತು.

ಎರಡು ಕಡೆಯೂ ನಡೆದದ್ದು ಒಂದೇ. ಆಳುವವರ ನಿರ್ಧಾರದಿಂದಾದ ನೋವಿಗೆ ಕೈಗೆ ಸಿಕ್ಕುವ ಬಡವನು ಹೊಣೆಗಾರನಾದನು. ಅವನ ನಾಲಿಗೆಯೇ ಅವನ ಅಪರಾಧಕ್ಕೆ ಪುರಾವೆಯಾಯಿತು.

ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲೆಂದು ಪವಿತ್ರ ಕುರ್‌ಆನ್ ಅಲ್‌ಮಾಇದ ಅಧ್ಯಾಯದ 8ನೇ ಸೂಕ್ತದಲ್ಲಿ ಎಚ್ಚರಿಸುತ್ತದೆ. ಈ ಆಜ್ಞೆ ಹಕ್ಕನ್ನು ಬಿಟ್ಟುಕೊಡಲು ಹೇಳುವುದಿಲ್ಲ. ವ್ಯಾಜ್ಯವಿದ್ದರೆ ಹೂಡೋಣ, ಧರಣಿ ಕೂರೋಣ. ಎದುರು ಪಕ್ಷದ ಮಾತಿನಲ್ಲಿ ಸತ್ಯವಿದ್ದರೆ ಅದನ್ನೂ ಒಪ್ಪೋಣ. ಅಲ್‌ಹುಜುರಾತ್ ಅಧ್ಯಾಯವಂತೂ ಒಂದು ಜನಾಂಗವು ಇನ್ನೊಂದನ್ನು ಗೇಲಿ ಮಾಡುವುದನ್ನೇ ನಿಷೇಧಿಸಿದೆ. ಏಕೆಂದರೆ ಗೇಲಿಯಾಗಿ ಆರಂಭವಾದದ್ದು ಗೇಲಿಯಾಗಿಯೇ ಉಳಿಯುವುದಿಲ್ಲ.

ಮನೆಯಲ್ಲಿ ಉರ್ದು ಆಡುವ ನಮ್ಮಲ್ಲಿ ಅನೇಕರಿಗೆ, ಮಾತಿನ ಧಾಟಿಯಿಂದಲೇ ಅಳೆಯಲ್ಪಡುವ ನೋವು ತಿಳಿದಿದೆ. ಆದರೂ ಕನ್ನಡವೇ ಮನೆಮಾತಾದ ಪಿಂಜಾರ ಸಹೋದರರನ್ನು ಕೀಳಾಗಿ ಕಾಣುವ, ವಸಂತನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಬಂದ ಉತ್ತರದ ಯುವಕರ ಮಾತನ್ನು ಅಣಕಿಸುವ ಚಾಳಿ ನಮ್ಮಲ್ಲಿಯೂ ಇದೆ. ಊಟದ ಹೊತ್ತಿನಲ್ಲಿ ಮಗು ಇಂತಹ ಅಣಕವಾಡಿದರೆ ತಂದೆತಾಯಿ ನಗದೆ ತಿದ್ದಬೇಕು. ಖತೀಬರಿಗೂ ಹೊಣೆಯಿದೆ. ನೀರಿನ ವಿಷಯದಲ್ಲಿ ಗುಬ್ಬಿಯ ಮಸೀದಿಯಲ್ಲಿ ಒಂದು ನ್ಯಾಯ, ಕುಣಿಗಲಿನ ಮಸೀದಿಯಲ್ಲಿ ಇನ್ನೊಂದು ನ್ಯಾಯ ಕೇಳಿಬರಬಾರದು. ಕಾಲುವೆಯ ತೀರ್ಮಾನ ಹೇಗೇ ಆಗಲಿ, ಮರುದಿನವೂ ಎರಡು ಊರಿನವರು ಒಂದೇ ಸಂತೆಯಲ್ಲಿ ಮುಖ ನೋಡಿ ಸಲಾಂ ಹೇಳುವಂತಿರಬೇಕು.