ವಂಶದಲ್ಲೇ ಇದೆಯಂತೆ...!

ಹೋದ ವಾರ ಊರಿಗೆ ಹೋಗಿದ್ದೆ. ಮದ್ದೂರಿನ ನಮ್ಮ ಚಿಕ್ಕಪ್ಪನ ಮಗನಿಗೆ ಮಳವಳ್ಳಿ ಕಡೆಯ ಹುಡುಗಿ ಒಪ್ಪಿಗೆಯಾಗಿತ್ತು. ಅಷ್ಟರಲ್ಲಿ ಯಾರೋ ದೊಡ್ಡಪ್ಪನ ಕಿವಿ ಊದಿದರು: ಹುಡುಗಿಯ ಸೋದರಮಾವನಿಗೆ ಬೈಪೋಲಾರ್ ಕಾಯಿಲೆ, ಮಾತ್ರೆ ನುಂಗುತ್ತಾರಂತೆ. "ವಂಸದಲ್ಲೇ ಅದಂತೆ ಕಣ್ಲಾ, ಬ್ಯಾಡ ಬುಡು" ಅಂದರು ದೊಡ್ಡಪ್ಪ. ಸಂಬಂಧ ಅಲ್ಲಿಗೇ ಮುರೀತು.

ನಾನು ಡಾಕ್ಟರಲ್ಲ, ಕೋಡ್ ಬರೆಯೋನು. ಆದ್ರೂ ಕೇಳ್ತೀನಿ, ವಂಶದಲ್ಲಿದೆ ಅಂದ್ರೆ ಏನ್ರೀ ಅರ್ಥ?

ಬೈಪೋಲಾರ್‌ನಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು, ನಿಜ. ಆದರೆ ಅದು ಒಂದೇ ಸಾಲಿನಲ್ಲಿರೋ ಬಗ್ ಅಲ್ಲ. 1987ರಲ್ಲಿ ಅಮೆರಿಕದ ಆಮಿಶ್ ಕುಟುಂಬಗಳಲ್ಲಿ 11ನೇ ಕ್ರೋಮೋಸೋಮಿನ ಮೇಲೆ ಜೀನ್ ಸಿಕ್ಕೇಬಿಡ್ತು ಅಂದರು. ಎರಡೇ ವರ್ಷಕ್ಕೆ ಆ ಮಾತು ಬಿದ್ದುಹೋಯ್ತು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ 1,58,036 ರೋಗಿಗಳನ್ನು ನೋಡಿ ಜೀನೋಮಿನಲ್ಲಿ 298 ಜಾಗ ಗುರುತಿಸಿತು. ಒಂದೊಂದರ ಪ್ರಭಾವವೂ ಚಿಟಿಕೆಯಷ್ಟು. ಅಂಥ ಚಿಟಿಕೆಗಳು ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. ಅಪ್ಪನಿಗೋ ಅಮ್ಮನಿಗೋ ಕಾಯಿಲೆ ಇದ್ದರೂ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ಸೋದರಮಾವನಿಗಿದ್ದರೆ ಇನ್ನೂ ಕಮ್ಮಿ. ಯಾರಿಗೆ ಬರುತ್ತೆ ಅಂತ ರಕ್ತ ನೋಡಿ ಹೇಳೋ ಪರೀಕ್ಷೆ ವಿಜ್ಞಾನಿಗಳ ಹತ್ತಿರವೇ ಇಲ್ಲ. ದೊಡ್ಡಪ್ಪನಿಗೆ ಮಾತ್ರ ಕಾಫಿ ಲೋಟ ಕೆಳಗಿಡೋದರೊಳಗೆ ಗೊತ್ತಾಗಿಬಿಡ್ತು!

ಇನ್ನೊಂದು ವಿಷಯ. ಆ ಅಧ್ಯಯನದಲ್ಲಿ ಇದ್ದದ್ದು ಯೂರೋಪ್, ಪೂರ್ವ ಏಷ್ಯಾ, ಆಫ್ರಿಕನ್ ಅಮೆರಿಕನ್, ಲ್ಯಾಟಿನೋ ಮೂಲದವರು. ನಮ್ಮವರು ಒಂದು ಗುಂಪಾಗಿ ಅಲ್ಲಿ ಇರಲೇ ಇಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್‌ನವರು ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿದ್ದಾರೆ. ಮದುವೆ ಮುರಿಯುತ್ತೆ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡರೆ ಅಲ್ಲಿಗೆ ಹೋಗೋರು ಯಾರು? ಡಾಕ್ಟರು "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ಅಂತ ಕೇಳಿದಾಗ "ಇಲ್ಲ" ಅಂತ ಸುಳ್ಳು ಹೇಳಿದರೆ ಚಿಕಿತ್ಸೆಯೇ ದಾರಿ ತಪ್ಪಬಹುದು.

ಈಗ ನಮ್ಮ ವಂಶದ ಕಥೆ ಕೇಳಿ. ಅಜ್ಜಿಯ ತಮ್ಮ ವಾರಗಟ್ಟಲೆ ನಿದ್ದೆ ಮಾಡದೆ, ಗದ್ದೆ ಮಾರಿ ಸಿನಿಮಾ ತೆಗೀತೀನಿ ಅಂತ ಊರೆಲ್ಲ ಸುತ್ತಿದ್ದರಂತೆ. ಆಮೇಲೆ ತಿಂಗಳುಗಟ್ಟಲೆ ಮೂಲೆ ಹಿಡಿದು ಮಲಗಿದರಂತೆ. ಅದಕ್ಕೆ "ಗಾಳಿ ಸೋಕಿತ್ತು" ಅಂತ ಹೆಸರಿಟ್ಟು ಮುಚ್ಚಿಟ್ಟವರು ಇದೇ ದೊಡ್ಡಪ್ಪ. ಅದರ ಮೇಲೆ ಅಕ್ಕನ ಮಗಳನ್ನೇ ತಂದುಕೊಳ್ಳೋ ಜನ ನಾವು, ಬೇರೆಯವರ ವಂಶದ ಮಾತಾಡ್ತೀವಿ!

ಆ ಸೋದರಮಾವ ಕಾಯಿಲೆ ಒಪ್ಪಿಕೊಂಡು ಮಾತ್ರೆ ತಗೊಂಡು ಕೆಲಸಕ್ಕೆ ಹೋಗ್ತಿದ್ದಾರೆ. ನಮ್ಮ ಮನೆಯವರಿಗಿಂತ ಅವರೇ ವಾಸಿ.

ಇಷ್ಟೆಲ್ಲ ಇಲ್ಲಿ ಬರೀತಿದ್ದೀನಲ್ಲ, ಅವತ್ತು ದೊಡ್ಡಪ್ಪನ ಎದುರು ಬಾಯಿ ಬಿಡಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೇಳಲೇಬೇಕು. ನೀವೇನಂತೀರಿ?