ಆಸ್ಪತ್ರೆಗೆ ಡಾಕ್ಟರ್ ಒಬ್ಬರೇ ಸಾಕೇ?

ನಮ್ಮೂರಿನ ಸರಕಾರಿ ಆರೋಗ್ಯ ಕೇಂದ್ರದ ಮಾತು ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, ‘ಡಾಕ್ಟರ್ ಇದ್ದಾರೆಯೇ?’ ಪ್ರಶ್ನೆ ಸರಿಯೇ. ಆದರೆ ಅಲ್ಲಿಗೇ ಸುಮ್ಮನಾಗುವುದು ಸರಿಯಲ್ಲ.

ಸರಕಾರದ ಮಾನದಂಡದ ಪ್ರಕಾರ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ 30 ಸಾವಿರ ಜನರಿಗೆ, ಗುಡ್ಡಗಾಡು ಪ್ರದೇಶವಾದರೆ 20 ಸಾವಿರ ಜನರಿಗೆ ಸೇವೆ ನೀಡಬೇಕು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. 2018ರ ಆಯುಷ್ಮಾನ್ ಭಾರತ್ ಯೋಜನೆ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ತಂದಿತು. ಅಂದರೆ ಇದು ಒಬ್ಬರ ಕೆಲಸವಲ್ಲ, ಒಂದು ತಂಡದ ಕೆಲಸ.

ರಕ್ತದೊತ್ತಡದ ಒಬ್ಬ ರೋಗಿಯನ್ನೇ ತೆಗೆದುಕೊಳ್ಳೋಣ. ಆಶಾ ಕಾರ್ಯಕರ್ತೆ ಅವರನ್ನು ಕೇಂದ್ರಕ್ಕೆ ಕಳುಹಿಸುತ್ತಾರೆ, ದಾದಿ ಬಿ.ಪಿ. ನೋಡುತ್ತಾರೆ, ವೈದ್ಯರು ಮದ್ದು ಬರೆಯುತ್ತಾರೆ, ಫಾರ್ಮಾಸಿಸ್ಟ್ ಅದನ್ನು ಹೇಗೆ ಸೇವಿಸಬೇಕೆಂದು ತಿಳಿಸುತ್ತಾರೆ. ಮುಂದಿನ ತಿಂಗಳು ರೋಗಿ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವವರು ಮತ್ತೆ ಆಶಾ. ಫಾರ್ಮಾಸಿಸ್ಟ್ ಹುದ್ದೆ ಖಾಲಿಯಿದ್ದರೆ ದಾದಿಯೇ ಮದ್ದು ಹಂಚಬೇಕಾಗುತ್ತದೆ. ಡ್ರೆಸ್ಸಿಂಗ್‌ಗೆ ಬಂದವರು ಕಾಯುತ್ತಾರೆ. ಲ್ಯಾಬ್ ಟೆಕ್ನೀಷಿಯನ್ ಇಲ್ಲದಿದ್ದರೆ ರೋಗಿ ಪೇಟೆಯ ಖಾಸಗಿ ಲ್ಯಾಬ್‌ಗೆ ಹೋಗಬೇಕು. ಬೀಡಿ ಕಟ್ಟುವ ತಾಯಿಗೆ, ದೋಣಿಗೆ ಹೋಗುವ ಅಣ್ಣನಿಗೆ ಅದು ಒಂದು ದಿನದ ಸಂಪಾದನೆಯ ನಷ್ಟ. ಅವರು ಮದ್ದು ಬಿಡುತ್ತಾರೆ. ನಂತರ ನಮಗೆ ಸುದ್ದಿ ತಲುಪುವುದು ಪಾರ್ಶ್ವವಾಯು ಬಡಿದ ಮೇಲೆಯೇ.

ಹಾಗೆಂದು ಕಡಿಮೆ ಸಂಬಳದ ಸಿಬ್ಬಂದಿಯನ್ನು ತುಂಬಿ ವೈದ್ಯರ ಹುದ್ದೆಯನ್ನು ಖಾಲಿ ಬಿಡುವುದೂ ಪರಿಹಾರವಲ್ಲ. ತರಬೇತಿ ಪಡೆದ ದಾದಿ ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ಚೆನ್ನಾಗಿಯೇ ನೋಡಿಕೊಳ್ಳಬಲ್ಲರು. ಆದರೆ ಸಂಶಯ ಬಂದಾಗ ಕೇಳಲು ವೈದ್ಯರು ಇರಲೇಬೇಕು. ನೆರೆಯ ಕೇರಳ 2017ರಲ್ಲಿ ಆರಂಭಿಸಿದ ‘ಆರ್ದ್ರಂ’ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಿಗೆ ವೈದ್ಯರ ಜೊತೆಗೆ ದಾದಿಯರನ್ನೂ ಇತರ ಸಿಬ್ಬಂದಿಯನ್ನೂ ಹೆಚ್ಚಿಸಿ, ಸಂಜೆಯವರೆಗೂ ರೋಗಿಗಳನ್ನು ನೋಡುವ ಏರ್ಪಾಡು ಮಾಡಲಾಯಿತು. ಗಮನಿಸಬೇಕಾದ ಮಾದರಿಯಿದು.

ಧರ್ಮಸಭೆಗೆ ಈ ವಿಚಾರ ಹೊಸತಲ್ಲ. ಗುಂಟೂರಿನಲ್ಲಿ ದುಡಿದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೌರಿಯವರು ರೋಗಿಗಳನ್ನು ನೋಡುವುದರ ಜೊತೆಗೆ ಸ್ಥಳೀಯ ಮಹಿಳೆಯರಿಗೆ ಶುಶ್ರೂಷೆಯ ತರಬೇತಿಯನ್ನೂ ನೀಡಿದರು. 1943ರಲ್ಲಿ ಅವರು ಕಟ್ಟಿದ ಸಂಘಟನೆಯೇ ಇಂದಿನ ಭಾರತ ಕಥೋಲಿಕ ಆರೋಗ್ಯ ಸಂಘ.

ಹಾಗಾದರೆ ನಾವೇನು ಮಾಡಬಹುದು? ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು ಎಂದು ಕೇಳೋಣ. ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ ದಾದಿಯರು ನಮ್ಮ ವಾಳೆಗಳಲ್ಲಿದ್ದಾರೆ. ಆಶಾ ಕಾರ್ಯಕರ್ತೆಯೊಂದಿಗೆ ಅವರೂ ಮನೆಭೇಟಿಗೆ ಹೋಗಲಿ. ನಮ್ಮ ಕಾನ್ವೆಂಟ್‌ಗಳ ಡಿಸ್ಪೆನ್ಸರಿಗಳಲ್ಲಿಯೂ ಅರ್ಹತೆಯುಳ್ಳವರೇ ಮದ್ದು ಕೊಡುತ್ತಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳೋಣ.

ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ರೋಗಿಗಳಿಗಾಗಿ ನಾವು ಪ್ರಾರ್ಥಿಸುತ್ತೇವೆ. ಆ ಪ್ರಾರ್ಥನೆಯಲ್ಲಿ ಅವರ ಆರೈಕೆ ಮಾಡುವವರೂ ಇರಲಿ. ಖಾಲಿ ಕುರ್ಚಿಗಳ ಬಗ್ಗೆ ಪ್ರಶ್ನೆ ಕೇಳುವ ಧೈರ್ಯವೂ ನಮಗಿರಲಿ.